ಹಿಮದಲ್ಲಿ ಜೀವ ಕಂಡವರು: ಫ್ರಿಟ್ಯೋಫ್ ನಾನ್ಸೆನ್

ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿಗಳ ಹೆಸರು ಹೇಳಿ ಎಂದರೆ ನಮ್ಮ ವಿದ್ಯಾರ್ಥಿಗಳು ನಾಲ್ಕೈದು ಹೆಸರುಗಳನ್ನು ಥಟ್ಟನೆ ಹೇಳುತ್ತಾರೆ. ಆದರೆ ವಿಜ್ಞಾನಿಯಾಗಿದ್ದುಕೊಂಡೇ ಶಾಂತಿಗಾಗಿ ನೊಬೆಲ್ ಪಡೆದ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್‌ರ ಹೆಸರು ಕೇಳಿದವರು ಕಡಿಮೆ. ಪ್ರಾಣಿಶಾಸ್ತ್ರ, ನರವಿಜ್ಞಾನ, ಸಮುದ್ರ ವಿಜ್ಞಾನ, ಧ್ರುವ ಪರಿಶೋಧನೆ, ರಾಜತಾಂತ್ರಿಕ ಸೇವೆ, ನಿರಾಶ್ರಿತರ ರಕ್ಷಣೆ ಹೀಗೆ ಆರು ಕ್ಷೇತ್ರಗಳಲ್ಲಿ ಒಬ್ಬ ಮನುಷ್ಯ ದುಡಿದು ಹೆಸರು ಉಳಿಸಿ ಹೋದದ್ದು ಅಪರೂಪವೇ ಸರಿ. ಜೀವವೇ ಇಲ್ಲವೆಂದು ಜನ ಭಾವಿಸಿದ್ದ ಉತ್ತರ ಧ್ರುವ ಸಾಗರದ ಮಂಜುಗಡ್ಡೆಯ ಮೇಲೆ ಕುಳಿತು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಬ್ಯಾಕ್ಟೀರಿಯಾಗಳನ್ನು ಕಂಡವರು ಅವರು. ಅದೇ ಕಣ್ಣು ಮುಂದೆ, ಯಾವ ದೇಶವೂ ತನ್ನವರೆಂದು ಒಪ್ಪಿಕೊಳ್ಳದ ಲಕ್ಷಾಂತರ ಮನುಷ್ಯರನ್ನೂ ಕಂಡಿತು. ಈ ಎರಡೂ ಕಥೆಗಳನ್ನು ಒಟ್ಟಿಗೆ ತಿಳಿಯುವುದು ವಿದ್ಯಾರ್ಥಿಗಳಿಗೆ ಉಪಯುಕ್ತವೆಂದು ಭಾವಿಸಿ ಈ ಲೇಖನ.

ಬಾಲ್ಯ ಮತ್ತು ಕಲಿಕೆ

ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ಅಂದು ಕ್ರಿಸ್ಟಿಯಾನಿಯಾ ಎಂದು ಕರೆಯಲ್ಪಡುತ್ತಿದ್ದ ಇಂದಿನ ಓಸ್ಲೊ ನಗರದ ಹೊರವಲಯದಲ್ಲಿ. ತಂದೆ ಬಾಲ್ದೂರ್ ನಾನ್ಸೆನ್ ವಕೀಲರು, ಶಿಸ್ತಿನ ಮನುಷ್ಯ. ತಾಯಿ ಅಡಿಲೇಡ್ ಬಯಲನ್ನೂ ಆಟವನ್ನೂ ಪ್ರೀತಿಸುವವರು. ಮಗ ಚಿಕ್ಕಂದಿನಿಂದಲೇ ಹಿಮದ ಮೇಲೆ ಜಾರುವ ಸ್ಕೀಯಿಂಗ್‌ನಲ್ಲಿ ಪಳಗಿದನು. ಕಾಡಿನಲ್ಲಿ ಒಂಟಿಯಾಗಿ ದಿನಗಟ್ಟಲೆ ಅಲೆಯುವುದು ಅವನಿಗೆ ಇಷ್ಟ. ವಿಶ್ವವಿದ್ಯಾಲಯಕ್ಕೆ ಸೇರುವಾಗ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ, ಆ ವಿಷಯ ಓದಿದರೆ ನಾಲ್ಕು ಗೋಡೆಗಳ ಹೊರಗೆ ಬದುಕಬಹುದು ಎಂಬ ಆಸೆ.

1882ರಲ್ಲಿ, ಇಪ್ಪತ್ತು ವರ್ಷದ ವಿದ್ಯಾರ್ಥಿ ನಾನ್ಸೆನ್, ಸೀಲ್ ಬೇಟೆಗೆ ಹೊರಟಿದ್ದ ವೈಕಿಂಗ್ ಎಂಬ ಹಡಗನ್ನು ಏರಿ ಗ್ರೀನ್‌ಲ್ಯಾಂಡ್ ಸಮುದ್ರಕ್ಕೆ ಹೋದರು. ಬೇಟೆಗಾರರ ನಡುವೆ ಇದ್ದರೂ ಅವರು ನೀರಿನ ಉಷ್ಣತೆಯನ್ನು ಅಳೆಯುತ್ತಿದ್ದರು. ಸಮುದ್ರದ ಮಂಜು ನೀರಿನ ಆಳದಲ್ಲಿ ಹುಟ್ಟುತ್ತದೆ ಎಂಬ ನಂಬಿಕೆ ಆಗ ಇತ್ತು. ಅದು ಮೇಲ್ಮೈಯಲ್ಲೇ ಹೆಪ್ಪುಗಟ್ಟುತ್ತದೆ ಎಂದು ನಾನ್ಸೆನ್ ತೋರಿಸಿಕೊಟ್ಟರು. ಆ ಪ್ರಯಾಣದಲ್ಲಿ ಹಡಗು ಮಂಜಿನ ನಡುವೆ 24 ದಿನ ಸಿಕ್ಕಿಬಿದ್ದಿತ್ತು. ದೂರದಲ್ಲಿ ಕಾಣುತ್ತಿದ್ದ ಗ್ರೀನ್‌ಲ್ಯಾಂಡಿನ ಬೆಟ್ಟಗಳು ಯುವಕನ ಮನಸ್ಸಿನಲ್ಲಿ ಒಂದು ಆಸೆಯನ್ನು ಬಿತ್ತಿದವು.

ಅದೇ ವರ್ಷ ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಅವರಿಗೆ ಪ್ರಾಣಿಶಾಸ್ತ್ರ ವಿಭಾಗದ ಕೆಲಸ ಸಿಕ್ಕಿತು. ಅಲ್ಲಿ ಅವರಿಗೆ ದೊರೆತ ಹಿರಿಯ ಒಡನಾಡಿಗಳಲ್ಲಿ ಗೆರ್ಹಾರ್ಡ್ ಆರ್ಮವರ್ ಹ್ಯಾನ್ಸೆನ್ ಒಬ್ಬರು. ಕುಷ್ಠರೋಗಕ್ಕೆ ಕಾರಣ ಶಾಪವೂ ಅಲ್ಲ, ವಂಶವೂ ಅಲ್ಲ, ಒಂದು ಬ್ಯಾಕ್ಟೀರಿಯಾ ಎಂದು 1873ರಲ್ಲಿ ಕಂಡುಹಿಡಿದವರು ಇವರೇ. ನಮ್ಮ ದೇಶದಲ್ಲಿ ಇಂದಿಗೂ ಈ ರೋಗವನ್ನು ಹ್ಯಾನ್ಸೆನ್ ರೋಗ ಎಂದು ಕರೆಯುವುದುಂಟು. ಇಂತಹವರ ಜೊತೆ ಆರು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತ ನಾನ್ಸೆನ್, ಬರಿಗಣ್ಣಿಗೆ ಕಾಣದ್ದನ್ನು ತಾಳ್ಮೆಯಿಂದ ನೋಡುವುದನ್ನು ಕಲಿತರು. 1886ರಲ್ಲಿ ಇಟಲಿಗೆ ಹೋಗಿ, ನರಕೋಶಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಹಾಕುವ ಕ್ರಮವನ್ನು ಗಾಲ್ಗಿಯವರಿಂದ ಅರಿತು ಬಂದರು. ಸಾಗರದ ಸಣ್ಣ ಜೀವಿಗಳ ನರವ್ಯೂಹದ ಬಗ್ಗೆ ಅವರು ಬರೆದ ಪ್ರಬಂಧಕ್ಕೆ 1888ರಲ್ಲಿ ಡಾಕ್ಟರೇಟ್ ದೊರೆಯಿತು.

ಹಿಂತಿರುಗಲು ದಾರಿ ಇಲ್ಲದ ಪ್ರಯಾಣ

ಡಾಕ್ಟರೇಟ್ ಪರೀಕ್ಷೆ ಮುಗಿದ ಕೆಲವೇ ದಿನಗಳಲ್ಲಿ ನಾನ್ಸೆನ್ ಗ್ರೀನ್‌ಲ್ಯಾಂಡಿಗೆ ಹೊರಟರು. ಆ ದ್ವೀಪದ ಒಳನಾಡಿನ ಹಿಮಹಾಸನ್ನು ಅದುವರೆಗೆ ಯಾರೂ ಅಡ್ಡವಾಗಿ ದಾಟಿರಲಿಲ್ಲ. ಹಿಂದೆ ಪ್ರಯತ್ನಿಸಿದವರು ಜನವಸತಿ ಇರುವ ಪಶ್ಚಿಮ ತೀರದಿಂದ ಹೊರಟು, ಕಷ್ಟವಾದಾಗ ಅಲ್ಲಿಗೇ ಮರಳಿದ್ದರು. ನಾನ್ಸೆನ್ ಇದನ್ನು ತಿರುಗಿಸಿದರು. ಜನರಿಲ್ಲದ ಪೂರ್ವ ತೀರದಿಂದ ಹೊರಡಬೇಕು, ಆಗ ಬದುಕುವ ದಾರಿ ಮುಂದಕ್ಕೆ ಮಾತ್ರ ಇರುತ್ತದೆ ಎಂಬುದು ಅವರ ಲೆಕ್ಕ. ಪತ್ರಿಕೆಗಳು ಇದನ್ನು ಹುಚ್ಚು ಎಂದು ಹಾಸ್ಯ ಮಾಡಿದವು.

ಆರು ಜನರ ತಂಡ ಜುಲೈಯಲ್ಲಿ ಹಡಗಿನಿಂದ ದೋಣಿಗಳಿಗೆ ಇಳಿಯಿತು. ಆದರೆ ತೇಲುವ ಮಂಜು ಅವರನ್ನು ದಡ ಸೇರಗೊಡದೆ ದಕ್ಷಿಣಕ್ಕೆ ಎಳೆದೊಯ್ದಿತು. ಕೊನೆಗೆ ಆಗಸ್ಟ್ ಮಧ್ಯದಲ್ಲಿ ಹಿಮವನ್ನು ಏರಲು ತೊಡಗಿ, 2700 ಮೀಟರ್‌ಗೂ ಮಿಕ್ಕ ಎತ್ತರವನ್ನು ದಾಟಿ, ಸೊನ್ನೆಗಿಂತ 40 ಡಿಗ್ರಿಗೂ ಕೆಳಗಿನ ಚಳಿಯನ್ನು ಸಹಿಸಿ, 1888ರ ಅಕ್ಟೋಬರ್ 3ರಂದು ನಾನ್ಸೆನ್ ಪಶ್ಚಿಮ ತೀರದ ಗೋಥಾಬ್ ತಲುಪಿದರು. ಅಷ್ಟರಲ್ಲಿ ಆ ವರ್ಷದ ಕೊನೆಯ ಹಡಗು ಹೋಗಿಯಾಗಿತ್ತು. ಇಡೀ ಚಳಿಗಾಲವನ್ನು ಅವರು ಅಲ್ಲಿನ ಇನ್ಯುಯಿಟ್ ಜನರೊಡನೆ ಕಳೆದರು. ಚರ್ಮದ ದೋಣಿ ನಡೆಸುವುದು, ಚಳಿಗೆ ತಕ್ಕ ಉಡುಪು ತೊಡುವುದು, ಸೀಲ್ ಬೇಟೆಯಾಡುವುದು ಎಲ್ಲವನ್ನೂ ಅವರಿಂದ ಕಲಿತರು. ಯುರೋಪಿನ ವಿದ್ವಾಂಸರು ಹಿಂದುಳಿದವರೆಂದು ಕಡೆಗಣಿಸುತ್ತಿದ್ದ ಜನರನ್ನು ಗುರುಗಳಾಗಿ ಸ್ವೀಕರಿಸಿದ್ದು ನಾನ್ಸೆನ್‌ರ ದೊಡ್ಡ ಗುಣ. ಆ ಕಲಿಕೆ ಮುಂದೆ ಅವರ ಪ್ರಾಣವನ್ನೇ ಉಳಿಸಿತು. ಊರಿಗೆ ಮರಳಿದ 1889ರಲ್ಲಿ ಅವರು ಈವಾ ಸಾರ್ಸ್‌ರನ್ನು ವಿವಾಹವಾದರು.

ಫ್ರಾಮ್ ಹಡಗು

1881ರಲ್ಲಿ ಜೀನೆಟ್ ಎಂಬ ಅಮೆರಿಕದ ಹಡಗು ಸೈಬೀರಿಯಾದ ಉತ್ತರಕ್ಕೆ ಮಂಜಿನ ಒತ್ತಡಕ್ಕೆ ಸಿಕ್ಕಿ ನುಚ್ಚುನೂರಾಗಿತ್ತು. ಮೂರು ವರ್ಷಗಳ ನಂತರ ಅದರ ಅವಶೇಷಗಳು ಬಹಳ ದೂರದ ಗ್ರೀನ್‌ಲ್ಯಾಂಡಿನ ನೈಋತ್ಯ ತೀರದಲ್ಲಿ ಪತ್ತೆಯಾದವು. ಹಾಗಾದರೆ ಧ್ರುವ ಸಾಗರದ ಮಂಜು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಹರಿಯುತ್ತಿರಬೇಕು ಎಂದು ಹವಾಮಾನ ತಜ್ಞ ಹೆನ್ರಿಕ್ ಮೋನ್ ತರ್ಕಿಸಿದರು. ನಾನ್ಸೆನ್ ಒಂದು ಹೆಜ್ಜೆ ಮುಂದೆ ಹೋದರು. ಮಂಜಿನ ವಿರುದ್ಧ ಹೋರಾಡುವ ಬದಲು, ಮಂಜಿನಲ್ಲೇ ಹಡಗನ್ನು ಹೂತು, ಅದು ಒಯ್ದಲ್ಲಿಗೆ ಹೋಗುವುದು ಅವರ ಯೋಜನೆ. ದೊಡ್ಡ ದೊಡ್ಡ ಪರಿಶೋಧಕರು ಇದು ಆತ್ಮಹತ್ಯೆಗೆ ಸಮ ಎಂದರು. ಆದರೆ ನಾರ್ವೆಯ ಸಂಸತ್ತು ಮತ್ತು ಜನರು ಹಣ ಕೊಟ್ಟರು. ಕಾಲಿನ್ ಆರ್ಚರ್ ಎಂಬ ಹಡಗು ಶಿಲ್ಪಿ ಫ್ರಾಮ್ ಹಡಗನ್ನು ಕಟ್ಟಿದರು. ಅದರ ತಳ ಮೊಟ್ಟೆಯ ಹಾಗೆ ದುಂಡು. ಎರಡೂ ಬದಿಯಿಂದ ಮಂಜು ಅದುಮಿದರೆ ಹಡಗು ಒಡೆಯದೆ ಜಾರಿ ಮೇಲಕ್ಕೆ ಏಳುತ್ತಿತ್ತು.

1893ರ ಜೂನ್ 24ರಂದು ಹೊರಟ ಫ್ರಾಮ್, ಸೆಪ್ಟೆಂಬರ್‌ನಲ್ಲಿ ಸೈಬೀರಿಯಾದ ಉತ್ತರದಲ್ಲಿ ಮಂಜಿನೊಳಗೆ ಸೇರಿಕೊಂಡಿತು. ಹದಿಮೂರು ಜನ, ಐದು ವರ್ಷಕ್ಕೆ ಸಾಕಾಗುವಷ್ಟು ಆಹಾರ, ಗಾಳಿಯಂತ್ರದಿಂದ ಉರಿಯುವ ವಿದ್ಯುತ್ ದೀಪ, ಒಂದು ಗ್ರಂಥಾಲಯ ಮತ್ತು ಪ್ರಯೋಗದ ಉಪಕರಣಗಳು. ಧ್ರುವ ಸಾಗರ ಆಳವಿಲ್ಲದ್ದು ಎಂದು ಅಲ್ಲಿಯವರೆಗೆ ತಿಳಿಯಲಾಗಿತ್ತು. ಫ್ರಾಮ್‌ನ ಅಳತೆಗಳು ಅದು 3000 ಮೀಟರ್‌ಗೂ ಹೆಚ್ಚು ಆಳವೆಂದು ತೋರಿಸಿದವು. ಮೇಲಿನ ತಣ್ಣೀರಿನ ಕೆಳಗೆ ಅಟ್ಲಾಂಟಿಕ್‌ನಿಂದ ಬಂದ ತುಸು ಬೆಚ್ಚಗಿನ ನೀರಿನ ಪದರ ಇರುವುದೂ ಗೊತ್ತಾಯಿತು. ಮಂಜು ಗಾಳಿಯ ದಿಕ್ಕಿನಲ್ಲೇ ಚಲಿಸದೆ ಸ್ವಲ್ಪ ಬಲಕ್ಕೆ ವಾಲುವುದನ್ನು ನಾನ್ಸೆನ್ ಗಮನಿಸಿದರು. ಭೂಮಿಯ ತಿರುಗುವಿಕೆಯೇ ಇದಕ್ಕೆ ಕಾರಣವೆಂದು ಊಹಿಸಿದರು. ಮುಂದೆ ಎಕ್‌ಮನ್ ಎಂಬ ಯುವ ವಿಜ್ಞಾನಿ ಇದಕ್ಕೆ ಗಣಿತದ ರೂಪ ಕೊಟ್ಟರು.

ಮಂಜಿನ ಕೊಳದೊಳಗಿನ ಲೋಕ

1894ರ ಬೇಸಿಗೆ. ಸೂರ್ಯ ಮುಳುಗದ ಆ ದಿನಗಳಲ್ಲಿ ಮಂಜುಗಡ್ಡೆಯ ಮೇಲ್ಭಾಗ ಕರಗಿ ಅಲ್ಲಲ್ಲಿ ಸಣ್ಣ ಕೊಳಗಳಾದವು. ಅವುಗಳ ತಳದಲ್ಲಿ ಕಂದು ಬಣ್ಣದ ಚುಕ್ಕೆಗಳು ಕಾಣಿಸಿಕೊಂಡವು. ಬೇರೆಯವರಾದರೆ ಧೂಳು ಎಂದು ಸುಮ್ಮನಾಗುತ್ತಿದ್ದರೋ ಏನೋ. ನಾನ್ಸೆನ್ ಅವುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಅದು ಪಾಚಿ ಮತ್ತು ಡಯಾಟಮ್‌ಗಳ ರಾಶಿ. ಕಪ್ಪು ಬಣ್ಣ ಬಿಸಿಲನ್ನು ಹೀರುವುದರಿಂದ ಆ ಚುಕ್ಕೆಗಳು ತಮ್ಮ ಕೆಳಗಿನ ಮಂಜನ್ನು ಕರಗಿಸಿ, ತಾವೇ ಸಣ್ಣ ಗುಂಡಿ ತೋಡಿಕೊಂಡು ಕುಳಿತಿದ್ದವು. ದಿನ ಕಳೆದಂತೆ ಅಲ್ಲಿ ಚಲಿಸುವ ಏಕಕೋಶ ಜೀವಿಗಳು ಕಂಡವು. ಅವು ಪಾಚಿಯನ್ನು ತಿಂದು ಬದುಕುತ್ತಿದ್ದವು. ಕೊನೆಗೆ ಬ್ಯಾಕ್ಟೀರಿಯಾಗಳೂ ಕಂಡವು. ಅಂತಹ ಜಾಗವೂ ಅವುಗಳಿಂದ ಮುಕ್ತವಲ್ಲ ಎಂಬುದು ನಾನ್ಸೆನ್‌ರಿಗೇ ಅಚ್ಚರಿ ತಂದಿತು.

ಧ್ರುವದ ಮಂಜಿನಲ್ಲಿ ಡಯಾಟಮ್‌ಗಳಿವೆ ಎಂದು 19ನೇ ಶತಮಾನದ ಮಧ್ಯದಲ್ಲಿ ಜರ್ಮನಿಯ ಎಹ್ರೆನ್‌ಬರ್ಗ್ ಬರೆದಿದ್ದರು. ಆದರೆ ಅವರು ಪರೀಕ್ಷಿಸಿದ್ದು ಬೇರೆಯವರು ತಂದುಕೊಟ್ಟ ಮಾದರಿಗಳನ್ನು. ಧ್ರುವ ಸಾಗರದ ನಡುವೆಯೇ ವಾಸವಿದ್ದು, ವಾರದಿಂದ ವಾರಕ್ಕೆ ಈ ಪುಟ್ಟ ಲೋಕ ಬೆಳೆಯುವುದನ್ನು ನೋಡಿ ದಾಖಲಿಸಿದ್ದು ನಾನ್ಸೆನ್‌ರ ಕೊಡುಗೆ. ಪ್ರಯಾಣದ ವೈಜ್ಞಾನಿಕ ಫಲಿತಾಂಶಗಳು 1900ರಿಂದ 1906ರವರೆಗೆ ಆರು ಸಂಪುಟಗಳಲ್ಲಿ ಹೊರಬಂದವು. ಮಂಜಿನ ಮೇಲಿನ ಏಕಕೋಶ ಜೀವಿಗಳ ಬಗ್ಗೆ ನಾನ್ಸೆನ್‌ರೇ ಬರೆದ ಭಾಗವೂ ಅದರಲ್ಲಿದೆ.

ಈ ಜೀವಿಗಳು ಅಲ್ಲಿ ಬದುಕುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮತ್ತೊಂದು ಶತಮಾನ ಬೇಕಾಯಿತು. ಸಮುದ್ರದ ನೀರು ಸುಮಾರು ಸೊನ್ನೆಗಿಂತ 1.8 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಮಂಜಿನ ಹರಳು ಉಪ್ಪನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಹೊರತಳ್ಳಲ್ಪಟ್ಟ ಉಪ್ಪು, ಹರಳುಗಳ ನಡುವಿನ ಕೂದಲೆಳೆಯಂತಹ ಕಾಲುವೆಗಳಲ್ಲಿ ಗಾಢ ಉಪ್ಪುನೀರಾಗಿ ಉಳಿಯುತ್ತದೆ. ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಮಂಜು ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿದಾಗ ಈ ಕಾಲುವೆಗಳಲ್ಲಿ ಅದು 140 ಗ್ರಾಂ ಮೀರುತ್ತದೆ. 20 ಡಿಗ್ರಿ ಕೆಳಗಿಳಿದರೆ 200 ಗ್ರಾಂ ದಾಟುತ್ತದೆ. ಚಳಿ ಹೆಚ್ಚಿದಷ್ಟೂ ಕಾಲುವೆ ಕಿರಿದು, ಉಪ್ಪು ಅಧಿಕ. ಬ್ಯಾಕ್ಟೀರಿಯಾಗಳ ಮನೆ ಇದೇ.

ಅಲ್ಲಿ ಅವುಗಳ ಮೇಲೆ ಬೀಳುವ ಒತ್ತಡಗಳು ಒಂದೆರಡಲ್ಲ. ಚಳಿಗೆ ಕೋಶದ ಪೊರೆ ತುಪ್ಪದಂತೆ ಗಟ್ಟಿಯಾಗತೊಡಗುತ್ತದೆ. ಆಗ ಅವು ಪೊರೆಯಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಹೆಚ್ಚಿಸಿ ಅದನ್ನು ಎಣ್ಣೆಯಂತೆ ಮೆದುವಾಗಿ ಇಟ್ಟುಕೊಳ್ಳುತ್ತವೆ. ಹೊರಗಿನ ಉಪ್ಪು ಕೋಶದ ನೀರನ್ನು ಹೀರುತ್ತದೆ. ಅದನ್ನು ತಡೆಯಲು ಗ್ಲೈಸಿನ್ ಬೀಟೈನ್‌ನಂತಹ ನಿರುಪದ್ರವಿ ಪದಾರ್ಥಗಳನ್ನು ಒಳಗೆ ತುಂಬಿಕೊಳ್ಳುತ್ತವೆ. ಮಂಜಿನ ಹರಳು ಬೆಳೆದು ಕೋಶವನ್ನು ಚುಚ್ಚದಂತೆ ಕೆಲವು ಬ್ಯಾಕ್ಟೀರಿಯಾಗಳು ಹರಳಿಗೆ ಅಂಟಿಕೊಳ್ಳುವ ವಿಶೇಷ ಪ್ರೋಟೀನ್‌ಗಳನ್ನು ಹೊರಬಿಡುತ್ತವೆ. ಅಂಟಂಟಾದ ಲೋಳೆಯನ್ನು ಸ್ರವಿಸಿ ಅದನ್ನೇ ಹೊದಿಕೆಯಾಗಿ ಹೊದ್ದುಕೊಳ್ಳುತ್ತವೆ. ಅವುಗಳ ಕಿಣ್ವಗಳು ಸಡಿಲ ರಚನೆಯವು, ಆದ್ದರಿಂದ ಚಳಿಯಲ್ಲೂ ಕೆಲಸ ಮಾಡುತ್ತವೆ. ಅಲಾಸ್ಕಾದ ಪಾಯಿಂಟ್ ಬ್ಯಾರೋ ಬಳಿಯ ಸಮುದ್ರ ಮಂಜಿನಲ್ಲಿ ಸಿಕ್ಕ ಸೈಕ್ರೋಮೋನಾಸ್ ಇಂಗ್ರಹಾಮೀ ಎಂಬ ಬ್ಯಾಕ್ಟೀರಿಯಾ ಸೊನ್ನೆಗಿಂತ 12 ಡಿಗ್ರಿ ಕೆಳಗೂ ಬೆಳೆಯುತ್ತದೆ ಎಂದು 2004ರಲ್ಲಿ ಪ್ರಕಟವಾಯಿತು. ನಮ್ಮ ಹೊಟ್ಟೆಯ ಬ್ಯಾಕ್ಟೀರಿಯಾಗಳು ಅನುಕೂಲ ಸ್ಥಿತಿಯಲ್ಲಿ ಅರ್ಧ ಗಂಟೆಯೊಳಗೆ ಇಮ್ಮಡಿಯಾದರೆ, ಇದಕ್ಕೆ ಆ ಚಳಿಯಲ್ಲಿ 10 ದಿನ ಬೇಕು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ, ಚಳಿಗಾಲದ ಆರ್ಕ್ಟಿಕ್ ಮಂಜಿನಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಕೆಲವು ಬ್ಯಾಕ್ಟೀರಿಯಾಗಳು ಸಕ್ರಿಯವಾಗಿರುವುದನ್ನು ತೋರಿಸಿತು.

ವಿಚಿತ್ರವೆಂದರೆ ಅವುಗಳಿಗೆ ಅಪಾಯ ಚಳಿಯಿಂದ ಮಾತ್ರವಲ್ಲ, ಬೇಸಿಗೆಯಿಂದಲೂ ಬರುತ್ತದೆ. ಮಂಜು ಕರಗುವಾಗ ಸಿಹಿನೀರು ಕಾಲುವೆಗಳಿಗೆ ನುಗ್ಗುತ್ತದೆ. ತಿಂಗಳುಗಟ್ಟಲೆ ಗಾಢ ಉಪ್ಪಿಗೆ ಹೊಂದಿಕೊಂಡಿದ್ದ ಕೋಶ ಈಗ ನೀರನ್ನು ಹೀರಿ ಉಬ್ಬುತ್ತದೆ. ತುಂಬಿಕೊಂಡಿದ್ದ ಪದಾರ್ಥಗಳನ್ನು ಬೇಗನೆ ಹೊರಚೆಲ್ಲದಿದ್ದರೆ ಅದು ಒಡೆದೇ ಹೋಗುತ್ತದೆ. ಬದುಕಿ ಉಳಿದವು ಸತ್ತ ಪಾಚಿಗಳನ್ನು ಕೊಳೆಸಿ, ಪೋಷಕಾಂಶಗಳನ್ನು ಮತ್ತೆ ನೀರಿಗೆ ಒದಗಿಸುತ್ತವೆ. ಪಾಚಿಯನ್ನು ಸಣ್ಣ ಸಿಗಡಿಯಂತಹ ಜೀವಿಗಳು, ಅವನ್ನು ಮೀನುಗಳು, ಮೀನನ್ನು ಸೀಲ್‌ಗಳು, ಸೀಲನ್ನು ಹಿಮಕರಡಿ ತಿನ್ನುತ್ತವೆ. ಹಿಮಕರಡಿಯ ಬದುಕಿನ ಅಡಿಪಾಯದಲ್ಲಿ ಕಣ್ಣಿಗೆ ಕಾಣದ ಈ ಬ್ಯಾಕ್ಟೀರಿಯಾಗಳೂ ಇವೆ. ಸೃಷ್ಟಿಯ ಬಗ್ಗೆ ಚಿಂತಿಸಿರಿ ಎಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುವುದನ್ನು ಬಲ್ಲ ನಮಗೆ, ಅಲ್ಲಾಹನು ಮಂಜಿನ ಬಿರುಕಿನಲ್ಲೂ ಇರಿಸಿದ ಈ ವ್ಯವಸ್ಥೆ ಎಷ್ಟು ಯೋಚಿಸಿದರೂ ಮುಗಿಯದ ವಿಷಯ.

ಧ್ರುವದತ್ತ ಇಬ್ಬರು

ಮಂಜಿನ ಹರಿವು ಹಡಗನ್ನು ಧ್ರುವಕ್ಕೆ ಒಯ್ಯುವುದಿಲ್ಲ ಎಂದು ಗೊತ್ತಾದಾಗ ನಾನ್ಸೆನ್, ಯಾಲ್ಮಾರ್ ಯೋಹಾನ್ಸೆನ್ ಎಂಬ ಸಂಗಡಿಗನೊಂದಿಗೆ 1895ರ ಮಾರ್ಚ್ 14ರಂದು ಹಡಗು ಬಿಟ್ಟು ನಡೆದೇ ಹೊರಟರು. 28 ನಾಯಿಗಳು, ಮೂರು ಜಾರುಬಂಡಿ, ಎರಡು ಚರ್ಮದ ದೋಣಿ. ಏಪ್ರಿಲ್‌ನಲ್ಲಿ ಅವರು 86 ಡಿಗ್ರಿ 14 ನಿಮಿಷ ಉತ್ತರ ಅಕ್ಷಾಂಶ ತಲುಪಿದರು. ಅಲ್ಲಿಯವರೆಗೆ ಮನುಷ್ಯರಾರೂ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ. ಆದರೆ ಅವರು ಉತ್ತರಕ್ಕೆ ನಡೆದಷ್ಟೂ ಕಾಲ ಕೆಳಗಿನ ಮಂಜು ದಕ್ಷಿಣಕ್ಕೆ ಸರಿಯುತ್ತಿತ್ತು. ಧ್ರುವದ ಆಸೆಯನ್ನು ಬಿಟ್ಟು ನಾನ್ಸೆನ್ ಹಿಂತಿರುಗಲು ನಿರ್ಧರಿಸಿದರು. ಗುರಿಯ ಹತ್ತಿರ ಬಂದು ಹಿಂದೆ ಸರಿಯಲು ಹೋಗುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

ಹಿಂದಿರುಗುವ ದಾರಿಯಲ್ಲಿ ಇಬ್ಬರೂ ಗಡಿಯಾರಕ್ಕೆ ಕೀಲಿ ಕೊಡಲು ಮರೆತರು. ಇದರಿಂದ ತಾವು ಎಲ್ಲಿದ್ದೇವೆ ಎಂಬ ಲೆಕ್ಕವೇ ತಪ್ಪಿತು. ಫ್ರಾನ್ಸ್ ಜೋಸೆಫ್ ಲ್ಯಾಂಡ್ ಎಂಬ ನಿರ್ಜನ ದ್ವೀಪಸಮೂಹದಲ್ಲಿ ಕಲ್ಲು ಜೋಡಿಸಿ, ವಾಲ್ರಸ್ ಚರ್ಮದ ಮಾಡು ಹೊದಿಸಿದ ಗುಡಿಸಲಿನಲ್ಲಿ ಇಡೀ ಚಳಿಗಾಲ ಕಳೆದರು. ಕರಡಿ ಮತ್ತು ವಾಲ್ರಸ್ ಮಾಂಸವೇ ಆಹಾರ, ಅವುಗಳ ಕೊಬ್ಬೇ ದೀಪದ ಎಣ್ಣೆ. 1896ರ ಜೂನ್‌ನಲ್ಲಿ ಒಮ್ಮೆ ಅವರ ದೋಣಿಗಳು ಕಟ್ಟು ಕಳಚಿ ತೇಲಿಹೋದವು. ನಾನ್ಸೆನ್ ಮಂಜಿನ ನೀರಿಗೆ ಹಾರಿ ಈಜಿ ಅವನ್ನು ಹಿಡಿದು ತಂದರು. ಕೆಲವೇ ದಿನಗಳಲ್ಲಿ ಫ್ರೆಡೆರಿಕ್ ಜಾಕ್ಸನ್ ಎಂಬ ಬ್ರಿಟಿಷ್ ಪರಿಶೋಧಕ ಆಕಸ್ಮಿಕವಾಗಿ ಎದುರಾದರು. ಆಗಸ್ಟ್ 13ರಂದು ನಾನ್ಸೆನ್ ನಾರ್ವೆಯ ವಾರ್ಡೊ ಬಂದರಿಗೆ ಇಳಿದರು. ಅದೇ ದಿನ ಫ್ರಾಮ್ ಕೂಡ ಮಂಜಿನಿಂದ ಬಿಡಿಸಿಕೊಂಡಿತು. ಹದಿಮೂರು ಜನರೂ ಜೀವಂತವಾಗಿ ಮನೆ ಸೇರಿದರು.

ಪ್ರಯೋಗಾಲಯದಿಂದ ಜನರ ನಡುವೆ

ಮುಂದಿನ ವರ್ಷಗಳಲ್ಲಿ ನಾನ್ಸೆನ್ ಕ್ರಿಸ್ಟಿಯಾನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1908ರಲ್ಲಿ ಸಮುದ್ರ ವಿಜ್ಞಾನದ ಪ್ರಾಧ್ಯಾಪಕ ಸ್ಥಾನ ದೊರೆಯಿತು. ಆಳದ ನೀರನ್ನು ಮೇಲಕ್ಕೆ ತರಲು ಅವರು ರೂಪಿಸಿದ ನಾನ್ಸೆನ್ ಬಾಟಲಿ ದಶಕಗಳ ಕಾಲ ಜಗತ್ತಿನ ಎಲ್ಲ ಸಂಶೋಧನಾ ಹಡಗುಗಳಲ್ಲಿ ಬಳಕೆಯಾಯಿತು. 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾದಾಗ ದೇಶದ ಪರ ದುಡಿದರು. 1906ರಿಂದ ಲಂಡನ್ನಿನಲ್ಲಿ ನಾರ್ವೆಯ ಪ್ರತಿನಿಧಿಯಾದರು. ಅಲ್ಲಿದ್ದಾಗಲೇ, 1907ರ ಡಿಸೆಂಬರ್‌ನಲ್ಲಿ, ಪತ್ನಿ ಈವಾ ತೀರಿಕೊಂಡರು. 1913ರಲ್ಲಿ ಕಿರಿಯ ಮಗನೂ ಇಲ್ಲವಾದನು. ದಕ್ಷಿಣ ಧ್ರುವಕ್ಕೆ ಹೋಗುವ ತಮ್ಮ ಕನಸನ್ನು ನಾನ್ಸೆನ್ ಕೈಬಿಟ್ಟು, ಫ್ರಾಮ್ ಹಡಗನ್ನು ಕಿರಿಯರಾದ ಅಮುಂಡ್‌ಸನ್‌ಗೆ ಕೊಟ್ಟಿದ್ದರು.

ಮೊದಲ ಮಹಾಯುದ್ಧ ಮುಗಿದಾಗ ಅವರಿಗೆ ಐವತ್ತೇಳು ವರ್ಷ. ಸಮುದ್ರದ ಅಧ್ಯಯನಕ್ಕೆ ಮರಳುವುದೇ ಅವರ ಬಯಕೆಯಾಗಿತ್ತು. ಆದರೆ 1920ರಲ್ಲಿ ರಾಷ್ಟ್ರಸಂಘ ಅವರಿಗೆ ಒಂದು ಕೆಲಸ ವಹಿಸಿತು. ಯುದ್ಧ ನಿಂತು ಒಂದು ವರ್ಷ ಮೀರಿದ್ದರೂ ಲಕ್ಷಾಂತರ ಕೈದಿಗಳು ಸೈಬೀರಿಯಾ ಮತ್ತಿತರ ಕಡೆ ಹಸಿವು, ರೋಗಗಳಿಂದ ಸಾಯುತ್ತಿದ್ದರು. ಎರಡು ವರ್ಷಗಳಲ್ಲಿ ಸುಮಾರು 4,27,000 ಕೈದಿಗಳನ್ನು ನಾನ್ಸೆನ್ ಅವರವರ ಮನೆಗೆ ತಲುಪಿಸಿದರು.

ಆ ಕೆಲಸ ಮುಗಿಯುವ ಮೊದಲೇ ವೋಲ್ಗಾ ತೀರದಲ್ಲಿ ಭೀಕರ ಕ್ಷಾಮ ತಲೆದೋರಿತು. ಮಳೆಯ ಅಭಾವ, ಅಂತರ್ಯುದ್ಧ ಮತ್ತು ರೈತರ ಧಾನ್ಯವನ್ನು ಸರಕಾರ ಬಲವಂತವಾಗಿ ವಶಪಡಿಸಿಕೊಂಡದ್ದು ಅದರ ಕಾರಣಗಳು. ಸತ್ತವರು ಸುಮಾರು 50 ಲಕ್ಷ ಎಂದು ಅಂದಾಜು. ಕ್ಷಾಮ ಅತಿಯಾಗಿ ತಟ್ಟಿದ ಪ್ರದೇಶಗಳಲ್ಲಿ ತಾತಾರ್ ಮತ್ತು ಬಶ್ಕೀರ್ ಮುಸ್ಲಿಮರ ನಾಡುಗಳೂ ಇದ್ದವು. ಸರಿಯಾಗಿ ಒಂದು ಸಾವಿರ ವರ್ಷಗಳ ಹಿಂದೆ, ಕ್ರಿ.ಶ. 922ರಲ್ಲಿ, ಬಗ್ದಾದಿನ ಖಲೀಫರ ದೂತರೊಂದಿಗೆ ಇಬ್ನ್ ಫದ್ಲಾನ್ ತಲುಪಿದ್ದು ಇದೇ ವೋಲ್ಗಾ ತೀರದ ಬುಲ್ಗಾರರ ನಾಡಿಗೆ. ಆ ಪ್ರಯಾಣಿಕ ಕಂಡ ನೆಲದಲ್ಲಿ 1922ರಲ್ಲಿ ಜನರು ಹುಲ್ಲು, ಮರದ ತೊಗಟೆ ತಿಂದು ಸಾಯುತ್ತಿದ್ದರು.

ನಾನ್ಸೆನ್ ರಾಷ್ಟ್ರಸಂಘದ ಮುಂದೆ ನಿಂತು ಸಾಲ ಕೊಡಿರೆಂದು ಬೇಡಿದರು. ಕಮ್ಯುನಿಸ್ಟ್ ಸರಕಾರಕ್ಕೆ ಬಲ ಸಿಗುತ್ತದೆ ಎಂಬ ಕಾರಣದಿಂದ ದೇಶಗಳು ನಿರಾಕರಿಸಿದವು. ಸಾಯುವವರು ಯಾರ ಪಕ್ಷ ಎಂದು ಮೊದಲು ಕೇಳುವ ಈ ರೀತಿ ಅವರಿಗೆ ಅಸಹ್ಯ ತಂದಿತು. ಅವರು ಖುದ್ದಾಗಿ ಸಮಾರಾ ಪ್ರಾಂತ್ಯಕ್ಕೆ ಹೋಗಿ ನೋಡಿದರು. ಛಾಯಾಚಿತ್ರಗಳನ್ನು ಹಿಡಿದು ಊರೂರು ಸುತ್ತಿ ಭಾಷಣ ಮಾಡಿ ಹಣ ಕೂಡಿಸಿದರು. ಹೆಚ್ಚಿನ ಆಹಾರ ಒದಗಿಸಿದ್ದು ಹರ್ಬರ್ಟ್ ಹೂವರ್ ಅವರ ಅಮೆರಿಕನ್ ಪರಿಹಾರ ಸಂಸ್ಥೆ. ನಾನ್ಸೆನ್‌ರ ಸಂಘಟನೆ ಉಣಿಸಿದವರ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಆದರೂ ಯುರೋಪಿನ ಮನಸ್ಸಾಕ್ಷಿಯನ್ನು ತಟ್ಟಿ ಎಬ್ಬಿಸಿದ್ದು ಅವರ ಧ್ವನಿಯೇ.

ಒಂದು ಹಾಳೆಯ ಬೆಲೆ

1921ರಲ್ಲಿ ನಾನ್ಸೆನ್ ರಾಷ್ಟ್ರಸಂಘದ ನಿರಾಶ್ರಿತರ ಹೈಕಮಿಷನರ್ ಆದರು. ರಷ್ಯಾ ಬಿಟ್ಟು ಓಡಿದ ಸುಮಾರು ಹತ್ತು ಲಕ್ಷಕ್ಕೂ ಹೆಚ್ಚು ಜನರ ಪೌರತ್ವವನ್ನು ಅಲ್ಲಿನ ಸರಕಾರ ರದ್ದು ಮಾಡಿತ್ತು. ಅವರ ಬಳಿ ದಾಖಲೆ ಇಲ್ಲ. ದಾಖಲೆ ಇಲ್ಲದವನಿಗೆ ಗಡಿ ದಾಟಲಾಗದು, ಕೆಲಸ ಸಿಗದು, ಇದ್ದಲ್ಲಿ ಇರುವುದೂ ಅಪರಾಧ. 1922ರಲ್ಲಿ ನಾನ್ಸೆನ್ ಅಂಥವರಿಗಾಗಿ ಒಂದು ಗುರುತಿನ ಪತ್ರವನ್ನು ರೂಪಿಸಿ ಸರಕಾರಗಳನ್ನು ಒಪ್ಪಿಸಿದರು. ಇದೇ ನಾನ್ಸೆನ್ ಪಾಸ್‌ಪೋರ್ಟ್. ಕಾಲಕ್ರಮೇಣ 50ಕ್ಕೂ ಹೆಚ್ಚು ದೇಶಗಳು ಇದನ್ನು ಮಾನ್ಯ ಮಾಡಿದವು. ಸುಮಾರು 4,50,000 ಜನರು ಇದನ್ನು ಪಡೆದರು. ರಷ್ಯನ್ನರ ನಂತರ ಆರ್ಮೇನಿಯನ್ನರು, 1928ರಲ್ಲಿ ಅಸಿರಿಯನ್ನರು ಮತ್ತು ತುರ್ಕಿಯ ಕೆಲವು ನಿರಾಶ್ರಿತರೂ ಇದರ ವ್ಯಾಪ್ತಿಗೆ ಬಂದರು. ಸಂಗೀತಗಾರ ಸ್ಟ್ರಾವಿನ್ಸ್ಕಿ, ಚಿತ್ರಕಾರ ಶಗಾಲ್‌ರಂತಹವರ ಕೈಯಲ್ಲೂ ಇದೇ ಪತ್ರವಿತ್ತು. 1922ರ ನೊಬೆಲ್ ಶಾಂತಿ ಪ್ರಶಸ್ತಿ ನಾನ್ಸೆನ್‌ರಿಗೆ ಬಂತು. ಆ ಹಣವನ್ನು ಅವರು ಪರಿಹಾರ ಕಾರ್ಯಕ್ಕೆ ನೀಡಿದರು.

ಅವರ ಎಲ್ಲ ಕೆಲಸಗಳೂ ಪ್ರಶ್ನಾತೀತ ಎಂದು ಹೇಳುವುದು ಸತ್ಯಕ್ಕೆ ದೂರ. ಗ್ರೀಸ್ ಮತ್ತು ತುರ್ಕಿ ಯುದ್ಧದ ಬಳಿಕ ಎರಡು ದೇಶಗಳ ಅಲ್ಪಸಂಖ್ಯಾತರನ್ನು ಅದಲು ಬದಲು ಮಾಡುವ ಪ್ರಸ್ತಾಪವನ್ನು ಮುಂದಿಟ್ಟವರಲ್ಲಿ ನಾನ್ಸೆನ್ ಪ್ರಮುಖರು. 1923ರ ಜನವರಿ 30ರ ಲೊಸಾನ್ ಒಪ್ಪಂದದಂತೆ ಸುಮಾರು 12 ಲಕ್ಷ ಕ್ರೈಸ್ತರು ಅನತೋಲಿಯಾದಿಂದ ಗ್ರೀಸಿಗೂ, ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಗ್ರೀಸಿನಿಂದ ತುರ್ಕಿಗೂ ಸೇರಿದರು. ಕ್ರೈಸ್ತರಲ್ಲಿ ಬಹುಪಾಲು ಜನ ಒಪ್ಪಂದಕ್ಕೆ ಮೊದಲೇ ಓಡಿಹೋಗಿದ್ದರು. ಉಳಿದವರಿಗೆ ಆಯ್ಕೆ ಇರಲಿಲ್ಲ. ಗ್ರೀಕ್ ಭಾಷೆಯನ್ನೇ ಆಡುತ್ತಿದ್ದ ಕ್ರೀಟ್‌ನ ಮುಸ್ಲಿಮರೂ, ತುರ್ಕಿ ಭಾಷೆಯನ್ನೇ ಆಡುತ್ತಿದ್ದ ಅನತೋಲಿಯಾದ ಕ್ರೈಸ್ತರೂ ಧರ್ಮದ ಹೆಸರಿನಲ್ಲಿ ಹುಟ್ಟಿದ ನೆಲವನ್ನು ಬಿಡಬೇಕಾಯಿತು. ಹತ್ಯಾಕಾಂಡಕ್ಕಿಂತ ಇದು ಲೇಸು ಎಂಬುದು ನಾನ್ಸೆನ್‌ರ ನಿಲುವಾಗಿತ್ತು. ಆದರೆ ಬಲವಂತದ ಸ್ಥಳಾಂತರಕ್ಕೆ ಕಾನೂನಿನ ಮುದ್ರೆ ಒತ್ತಿದ ಕೆಟ್ಟ ಮಾದರಿ ಇದೆಂದು ಇತಿಹಾಸಕಾರರಲ್ಲಿ ಅನೇಕರು ಹೇಳುತ್ತಾರೆ. ಮಹಾನ್ ವ್ಯಕ್ತಿಗಳನ್ನು ಗೌರವಿಸುವಾಗ ಅವರ ನಿರ್ಧಾರಗಳನ್ನು ತೂಗಿ ನೋಡುವ ಹಕ್ಕನ್ನು ನಾವು ಬಿಟ್ಟುಕೊಡಬಾರದು.

ಆರ್ಮೇನಿಯನ್ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಅವರ ಯೋಜನೆಗೆ ದೇಶಗಳು ಹಣ ಕೊಡಲಿಲ್ಲ. ಕೊನೆಯ ವರ್ಷಗಳಲ್ಲಿ ಈ ಸೋಲು ಅವರನ್ನು ಬಹಳ ನೋಯಿಸಿತು. 1930ರ ಮೇ 13ರಂದು ಲೀಸಾಕರ್‌ನ ತಮ್ಮ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ನಾರ್ವೆಯ ರಾಷ್ಟ್ರೀಯ ದಿನವಾದ ಮೇ 17ರಂದು ಅಂತ್ಯಸಂಸ್ಕಾರ ನಡೆಯಿತು. ಅವರ ಹೆಸರಿನ ನಿರಾಶ್ರಿತರ ಕಚೇರಿಗೆ 1938ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು. 1954ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿತು.

ನಮ್ಮ ಮುಂದಿರುವ ಪ್ರಶ್ನೆ

ನಾನ್ಸೆನ್ ನಡೆದ ಮಂಜು ಇಂದು ಹಾಗೆ ಉಳಿದಿಲ್ಲ. ಉಪಗ್ರಹಗಳು 1979ರಿಂದ ನಿರಂತರವಾಗಿ ಅಳೆಯುತ್ತಿರುವ ಆರ್ಕ್ಟಿಕ್ ಮಂಜಿನ ವಿಸ್ತಾರ, 2012ರ ಸೆಪ್ಟೆಂಬರ್‌ನಲ್ಲಿ ಸುಮಾರು 34 ಲಕ್ಷ ಚದರ ಕಿಲೋಮೀಟರ್‌ಗೆ ಇಳಿದಿತ್ತು. ಹಲವು ವರ್ಷ ಬಾಳುವ ದಪ್ಪ ಮಂಜು ಕಡಿಮೆಯಾಗಿ, ಒಂದೇ ಚಳಿಗಾಲದಲ್ಲಿ ಹುಟ್ಟುವ ತೆಳು ಮಂಜು ಹೆಚ್ಚುತ್ತಿದೆ. 2019ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ಫ್ರಾಮ್‌ನ ಮಾದರಿಯಲ್ಲೇ ಮಂಜಿನೊಂದಿಗೆ ತೇಲಿ ಅಧ್ಯಯನ ನಡೆಸಿತು. ಅದು ಹೊರಟ ಜಾಗ ಬೇರೆಯಾದ್ದರಿಂದ ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲ. ಆದರೂ ಅದು ನಿಂತಿದ್ದ ಮಂಜುಗಡ್ಡೆ ಸುಮಾರು ಹತ್ತೇ ತಿಂಗಳಲ್ಲಿ ಸಾಗರದ ಅಂಚಿಗೆ ಬಂದು, 2020ರ ಜುಲೈ ಅಂತ್ಯದಲ್ಲಿ ಒಡೆದುಹೋಯಿತು. ಚಳಿಗೆ ಹೊಂದಿಕೊಳ್ಳಲು ಬಲ್ಲ ಬ್ಯಾಕ್ಟೀರಿಯಾಗಳಿಗೆ ಮನೆಯೇ ಕರಗಿಹೋದರೆ ಹೊಂದಿಕೊಳ್ಳಲು ಉಳಿಯುವುದೇನು? ಅವುಗಳ ಜಾಗಕ್ಕೆ ಬೇರೆ ಬ್ಯಾಕ್ಟೀರಿಯಾಗಳು ಬಂದರೆ ಮೀನು, ಸೀಲ್, ಕರಡಿಗಳವರೆಗೆ ಪರಿಣಾಮ ಏನಾಗಬಹುದು? ವಿಜ್ಞಾನಿಗಳು ಇದನ್ನೇ ಹುಡುಕುತ್ತಿದ್ದಾರೆ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಭಾರತವೂ 2008ರಲ್ಲಿ ಹಿಮಾದ್ರಿ ಎಂಬ ಸಂಶೋಧನಾ ಕೇಂದ್ರವನ್ನು ಆರಂಭಿಸಿದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಓದುವ ನಮ್ಮ ಮಕ್ಕಳಿಗೂ ಈ ಕ್ಷೇತ್ರದಲ್ಲಿ ಅವಕಾಶವಿದೆ. ಸೂಕ್ಷ್ಮಜೀವಿಶಾಸ್ತ್ರವೆಂದರೆ ಲ್ಯಾಬೊರೇಟರಿಯಲ್ಲಿ ರಕ್ತಪರೀಕ್ಷೆ ಮಾಡುವುದಷ್ಟೇ ಎಂದು ತಿಳಿದವರು ಇದನ್ನು ಗಮನಿಸಬೇಕು.

ವಿದ್ಯಾರ್ಥಿ ಮಿತ್ರರೇ, ನಾನ್ಸೆನ್‌ರಿಗೆ ಸಿಕ್ಕ ಸ್ಥಾನಮಾನಗಳಲ್ಲಿ ತೃಪ್ತರಾಗಿ ಅವರು ಮನೆಯಲ್ಲಿ ಕುಳಿತಿರಬಹುದಿತ್ತು. ಅಥವಾ ನನ್ನ ಕೆಲಸ ವಿಜ್ಞಾನ, ಹಸಿದವರ ಚಿಂತೆ ರಾಜಕಾರಣಿಗಳಿಗೆ ಇರಲಿ ಎನ್ನಬಹುದಿತ್ತು. ಹಾಗೆ ಅನ್ನಲಿಲ್ಲ. ಪ್ರಯೋಜನವಿಲ್ಲದ ಜ್ಞಾನದಿಂದ ಕಾಪಾಡೆಂದು ಪ್ರಾರ್ಥಿಸಲು ನಮಗೆ ಕಲಿಸಲಾಗಿದೆ. ಕೊಳದ ತಳದ ಕಂದು ಚುಕ್ಕೆಯನ್ನು ಧೂಳೆಂದು ತಿಳಿಯದೆ ಬಗ್ಗಿ ನೋಡಿದವರು, ಗಡಿಯಲ್ಲಿ ಕಾಗದವಿಲ್ಲದೆ ನಿಂತ ಮನುಷ್ಯನನ್ನೂ ಕಡೆಗಣಿಸಲಿಲ್ಲ. ನಾವು ಪಡೆಯುವ ಪದವಿ ನಮ್ಮ ಕಣ್ಣನ್ನು ಅಷ್ಟು ತೆರೆಯುತ್ತಿದೆಯೇ ಎಂದು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.